ಗುಟ್ಟಾಗಿ ಮಾತ್ರೆ ನುಂಗುವ ಕಷ್ಟ

ನಮ್ಮ ಸೀಮೆಯಲ್ಲಿ ಕದ್ದು ಹೆಂಡ ಕುಡಿಯಬಹುದು, ಕದ್ದು ಮದುವೆಯೂ ಆಗಬಹುದು. ಆದರೆ ಒಂದು ಮಾತ್ರೆಯನ್ನು ಕದ್ದು ನುಂಗಲಾಗದು. ಬಂಗಾರಪೇಟೆಯ ರೈಲಿನಲ್ಲಿ ನೀರಿನ ಬಾಟಲಿ ಎತ್ತಿದ್ದೇ ತಡ, ಎದುರು ಸೀಟಿನವರು "ಶುಗರಾ, ಬಿಪಿನಾ?" ಎಂದು ವಿಚಾರಣೆ ಶುರುಮಾಡುತ್ತಾರೆ. ಪಕ್ಕದವರ ಭಾವಮೈದುನನೂ ಅದನ್ನೇ ನುಂಗುತ್ತಿರುತ್ತಾನೆ. ಮೂರನೆಯವರು "ತಲೆ ನೋಯ್ತದೆ, ನಂಗೂ ಒಂದು ಕೊಡಿ ಸಾರ್" ಎಂದು ಕೈ ಚಾಚುತ್ತಾರೆ. ಗುಟ್ಟಾಗಿ ಔಷಧ ಸೇವಿಸಿ ಸಿಕ್ಕಿಬಿದ್ದವರಲ್ಲಿ ರಾಹುವೇ ಮೊದಲಿಗ. ದೇವತೆಗಳ ಪಂಕ್ತಿಯಲ್ಲೂ ಪಕ್ಕದವರ ಬಾಯಿ ನೋಡುವ ಚಾಳಿ ಇತ್ತೆಂದಮೇಲೆ ನಮ್ಮ ರೈಲನ್ನು ದೂರಿ ಫಲವಿಲ್ಲ.

ನನ್ನದು ಎಚ್‌ಐವಿ ಮಾತ್ರೆ. ಏಳು ವರ್ಷದಿಂದ ದಿನಕ್ಕೊಂದು. ಆಸ್ಪತ್ರೆಯ ಆಪ್ತಸಮಾಲೋಚಕಿ ಹೇಳಿದ ಪಥ್ಯ ದೊಡ್ಡದೇನಲ್ಲ: ದಿನ ತಪ್ಪಿಸಬಾರದು, ಚೆನ್ನಾಗಿದ್ದೇನೆಂದು ನಿಲ್ಲಿಸಬಾರದು, ಎದೆಯುರಿಯ ಔಷಧವನ್ನು ಇದರ ಜೊತೆಗೇ ಕುಡಿಯಬಾರದು, ಬೇರೆ ಯಾವ ಮದ್ದನ್ನೂ ಕೇಳದೆ ಮುಟ್ಟಬಾರದು. ಕೆಜಿಎಫ್‌ನ ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟು ಕಾಯ್ದವನಿಗೆ ಒಂದು ಮಾತ್ರೆಯ ಪಾರುಪತ್ಯ ಎಷ್ಟರದು? ಕಷ್ಟವಿದ್ದದ್ದು ಅದನ್ನು ಕಂಡವರ ಕಣ್ಣಿಂದ ಕಾಯುವುದರಲ್ಲಿ.

ಆಸ್ಪತ್ರೆಯಲ್ಲಿ ಈ ಮಾತ್ರೆ ಪಡೆಯುವ ಸಾಲಿನಲ್ಲೇ ಮುನಿಸ್ವಾಮಿ ಸಿಕ್ಕಿದ್ದು. ಕಾಮಸಮುದ್ರದ ಕಡೆಯವನು, ನಾಲ್ಕು ಸೀಮೆಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದವನು. ನಮ್ಮಿಬ್ಬರಲ್ಲಿ ಒಂದು ರಾಜತಾಂತ್ರಿಕ ಒಪ್ಪಂದವಾಯಿತು: ಆಸ್ಪತ್ರೆಯ ಗೇಟಿನ ಒಳಗೆ ಅಣ್ಣತಮ್ಮಂದಿರು, ಹೊರಗೆ ಒಬ್ಬರ ಮುಖ ಒಬ್ಬರು ಕಂಡೇ ಇಲ್ಲ. ವರ್ಷಗಟ್ಟಲೆ ಎರಡೂ ಪಕ್ಷಗಳು ಇದನ್ನು ಚಾಚೂ ತಪ್ಪದೆ ಪಾಲಿಸಿದವು. ದೊಡ್ಡ ದೊಡ್ಡ ದೇಶಗಳಿಂದಲೂ ಆಗದ ಕೆಲಸ.

ಒಂದು ಸಲ ಸಾಲಿನಲ್ಲಿ ಅವನು ನನ್ನ ಕಿವಿಯಲ್ಲಿ ಉಸುರಿದ: "ಮಾತ್ರೆ ನಿಲ್ಸಿವ್ನಿ ಕಣಣ್ಣ. ಮಗಳನ್ನ ನೋಡಕ್ಕೆ ಗಂಡಿನ ಕಡೆಯೋರು ಬತ್ತಾವ್ರೆ. ಡಬ್ಬಿ ಕಂಡ್ರೆ ಸಂಬಂಧ ಮುರೀತದೆ. ಬೂಸಾ ಚೀಲದಾಗೆ ಮುಚ್ಚಿಟ್ಟಿವ್ನಿ."

"ಲೇ, ಮಾತ್ರೆ ನಿನಗೋ ಹಸುವಿಗೋ?"

"ಮದುವೆ ಒಂದು ಆಗ್ಲಿ. ಆಮೇಲೆ ಎಲ್ಡೆಲ್ಡು ನುಂಗ್ಬುಡ್ತೀನಿ."

ಹಾಗೆಲ್ಲ ನುಂಗುವಂತಿಲ್ಲ ಎಂದೆ. ಅವನು ನಕ್ಕ, ನಾನೂ ನಕ್ಕುಬಿಟ್ಟೆ. ಸಮಾಲೋಚಕಿಯ ಬಾಗಿಲು ಹತ್ತು ಹೆಜ್ಜೆಯಲ್ಲಿತ್ತು. ಕೈ ಹಿಡಿದು ಎಳೆದೊಯ್ಯಬಹುದಿತ್ತು. ಊರಿಗೇ ಹೋಗಿ ಬಯ್ಯಬಹುದಿತ್ತು. ಮೊದಲನೆಯದಕ್ಕೆ ಸಂಕೋಚ, ಎರಡನೆಯದಕ್ಕೆ ಒಪ್ಪಂದ ಅಡ್ಡಬಂತು.

ಮಗಳ ಮದುವೆಯಾಯಿತು. ಮುನಿಸ್ವಾಮಿ ಒಂದೆರಡು ಸಲ ಒಣಗಿ, ಕೆಮ್ಮುತ್ತ ಬಂದ. ಧೂಳು ಎಂದ. ಆಮೇಲೆ ಬರಲೇ ಇಲ್ಲ. ಎರಡು ತಿಂಗಳು ಕಾದು ನಾನು ಕಾಮಸಮುದ್ರದ ಬಸ್ಸು ಹತ್ತಿದೆ.

ಅವನು ಹೋಗಿ ಹನ್ನೆರಡು ದಿನವಾಗಿತ್ತು. ಕ್ಷಯ ಎಂದರು. ಜಗಲಿಯ ಮೇಲಿದ್ದ ಮುದುಕರೊಬ್ಬರು "ಅವನು ನಿಮಗೆ ಏನಾಗ್ಬೇಕು?" ಎಂದು ಕೇಳಿದರು. ನಮ್ಮಲ್ಲಿ ಅಳುವುದಕ್ಕೂ ಒಂದು ವರಸೆ ಬೇಕು. ನನ್ನ ಹತ್ತಿರ ಯಾವುದೂ ಇರಲಿಲ್ಲ. "ಒಂದೇ ರೈಲಿನೋರು" ಎಂದೆ.

ಅವನ ಹೆಂಡತಿ ನಾರಾಯಣಮ್ಮ ಮಜ್ಜಿಗೆ ಕೊಟ್ಟು, ಓದುಬಲ್ಲವನೆಂದೋ ಏನೋ, ಹಸುವಿನ ನೆಪ ಹೇಳಿ ನನ್ನನ್ನು ಕೊಟ್ಟಿಗೆಗೆ ಕರೆದಳು. ಬೂಸಾ ಚೀಲದೊಳಗೆ ಕೈಯಿಟ್ಟು ನಾಲ್ಕು ಡಬ್ಬಿ ತೆಗೆದಳು. ಒಂದರದೂ ಸೀಲು ಒಡೆದಿರಲಿಲ್ಲ.

"ಬಲ ಬರೋ ಮಾತ್ರೆನಾ ಅಣ್ಣ ಇದು? ನಂಗೂ ಸುಸ್ತು. ಬಿಸಾಕೋ ಬದ್ಲು ನಾನೇ ನುಂಗ್ಲಾ?"

ಸತ್ತವನ ಗುಟ್ಟು ಒಡೆಯಲು ನಾನು ಯಾರು? ಆದರೆ ಎದುರಿಗೆ ನಿಂತವಳು ಬದುಕಿದ್ದಳು. "ಬೇಡಮ್ಮ, ಪರೀಕ್ಷೆ ಮಾಡಿಸದೆ ಮುಟ್ಟಬೇಡ. ಇದು ಎಚ್‌ಐವಿಗೆ ಕೊಡೋ ಮಾತ್ರೆ. ನಾನು ದಿನಾ ನುಂಗೋದೂ ಇದನ್ನೇ."

ಆಕೆ ಗೋದಲಿಯ ಅಂಚಿನ ಮೇಲೆ ಕೂತಳು. ಡಬ್ಬಿಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಳು.

"ನಂಗೂ ಇದ್ರೆ?"

"ಇದ್ರೆ ನಿನಗೇ ಅಂತ ಮಾತ್ರೆ ಕೊಡ್ತಾರೆ. ಸೋಮವಾರ ಆಸ್ಪತ್ರೆಗೆ ಬಾಮ್ಮ, ನಾನಿರ್ತೀನಿ."

"ದಿನಾ ನುಂಗಿದ್ರೆ ಉಳ್ಕಂತಾರಾ ಅಣ್ಣ?"

ನೆರಳಿನಲ್ಲಿದ್ದವನು ಬಾಗಿಲ ಬೆಳಕಿಗೆ ಬಂದು ನಿಂತೆ. "ನೋಡಮ್ಮ" ಎಂದೆ. ಆಕೆ ತಲೆಯಿಂದ ಕಾಲಿನವರೆಗೆ ನೋಡಿದಳು. ಕೊನೆಗೆ ಅವಳ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು. ನಿವೃತ್ತಿಯ ನಂತರ ಬೆಳೆಸಿಕೊಂಡ ಈ ಹೊಟ್ಟೆಯಿಂದ ಲೋಕಕ್ಕೆ ಉಪಕಾರವಾದದ್ದು ಅದೇ ಮೊದಲು. ಅದನ್ನು ಒಳಕ್ಕೆಳೆದುಕೊಳ್ಳದೆ, ಆಕೆಗೆ ಸಾಕೆನಿಸುವವರೆಗೂ ಹಾಗೇ ನಿಂತಿದ್ದೆ.