ದೊಡ್ಡಮ್ಮನ ಬಳೆ, ನನ್ನ ಮೈಕು

ದೊಡ್ಡಮ್ಮನ ಗಂಟಲಲ್ಲಿ ಗಡ್ಡೆಯಿತ್ತು. ಆಪರೇಷನ್ ಆದಮೇಲೆ ಧ್ವನಿ ಹೇಗಿರುತ್ತದೋ ಹೇಳಲಾಗದು ಅಂದಿದ್ದರು ಡಾಕ್ಟರು. ಅಷ್ಟರೊಳಗೆ ಅವಳ ಸೋಬಾನೆ ಪದಗಳನ್ನು ಚೆನ್ನಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂದು ಎರಡು ಮೈಕು ಹೊತ್ತು ಬರಗೂರಿಗೆ ಹೋದೆ.

ಮೊದಲು ಸ್ಟ್ಯಾಂಡಿನ ದೊಡ್ಡ ಮೈಕ್ ಇಟ್ಟೆ. ಸ್ಟುಡಿಯೋದಲ್ಲಿ ಬಳಸುವಂಥದ್ದು, ಬಲು ಸೂಕ್ಷ್ಮ. ಹೆಡ್‌ಫೋನಿನಲ್ಲಿ ಬೀದಿಯ ಕೋಳಿ, ಸಿರಾ ಬಸ್ಸಿನ ಹಾರನ್, ಪಕ್ಕದ ಮನೆಯ ಮಿಕ್ಸಿ ಎಲ್ಲವೂ ಕೇಳಿಸಿದವು. ದೊಡ್ಡಮ್ಮ ಮಾತ್ರ ಅದನ್ನು ನೋಡಿ ಬಾಯೇ ಬಿಡಲಿಲ್ಲ. ಅದನ್ನು ಎತ್ತಿಟ್ಟು ಸೆರಗಿಗೆ ಸಣ್ಣ ಕಾಲರ್ ಮೈಕ್ ಸಿಕ್ಕಿಸಿದೆ. ಗದ್ದಲ ತಗ್ಗಿತು, ಹಾಡೂ ಶುರುವಾಯಿತು. ಆದರೆ ಹಾಡುವಾಗ ಅವಳ ಕೈ ಸುಮ್ಮನಿರದು. ಬಳೆಗಳ ಸದ್ದು ಪದವನ್ನೇ ನುಂಗಿಬಿಟ್ಟಿತು.

"ದೊಡ್ಡಮ್ಮ, ಬಳೆ ಒಂದ್ ಗಳಿಗೆ ತೆಗ್ದಿಡ್ತೀಯಾ?" ಅಂದುಬಿಟ್ಟೆ.

"ಲೇ! ನಿಮ್ ದೊಡ್ಡಪ್ಪ ಗುಂಡುಕಲ್ಲಂಗೆ ಎದುರಿಗೇ ಕುಂತವ್ರೆ, ಬಳೆ ತೆಗಿ ಅಂತೀಯಲ್ಲೋ!"

ನಾನು ನಾಲಿಗೆ ಕಚ್ಚಿಕೊಂಡೆ. ದೊಡ್ಡಪ್ಪ ನಗುತ್ತಾ ಎದ್ದು ಬಂದು ಪಕ್ಕದಲ್ಲಿ ಕೂತು, ಅವಳ ಎರಡೂ ಮುಂಗೈಗಳನ್ನು ಬಳೆಸಮೇತ ಗಟ್ಟಿಯಾಗಿ ಹಿಡಿದುಕೊಂಡರು. "ಈಗ ಹಾಡು" ಅಂದರು.

"ಬುಡಿ, ಮಕ್ಳ ಮುಂದೆ!" ಅಂದಳು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ನಾಚಿಕೊಂಡೇ ಹಾಡಿದಳು. ಅವಳು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಧ್ವನಿ ಕೊಂಚ ಒಡೆದಿದೆ, ನಮ್ಮನ್ನು ಬೈಯುವುದಕ್ಕೇನೂ ಕೊರತೆಯಿಲ್ಲ. ನೆಂಟರು ಬಂದಾಗಲೆಲ್ಲ ದೊಡ್ಡಪ್ಪ ಆ ರೆಕಾರ್ಡ್ ಹಾಕಿಸಿ ಹೇಳುತ್ತಾರೆ: "ಇದ್ರಾಗೆ ನಾನೂ ಇವ್ನಿ, ನಿಮ್ಗೆ ಕೇಳ್ಸಕ್ಕಿಲ್ಲ ಅಷ್ಟೆ."