ಭಾಷಣದಲ್ಲಿ ಅವನಿಗೆ ತಿಳಿದ ಒಂದೇ ಶಬ್ದ

ಊರಲ್ಲಿ ನನ್ನನ್ನು ಹಕ್ಕಿನ ವೀರಪ್ಪ ಎನ್ನುತ್ತಾರೆ. ಎದುರಿಗೆ ಗೌರವದಿಂದಲೇ ಅನ್ನುತ್ತಾರೆ. ಬೆನ್ನ ಹಿಂದೆ ಹೇಗೆ ಅನ್ನುತ್ತಾರೋ ಕೇಳುವ ಧೈರ್ಯ ಮಾಡಿಲ್ಲ. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಬಸ್ಸು ನಿಲ್ಲಿಸುವವನು ನಾನು. ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತು ಅಂದರೆ, ಯಾವ ಕಾಯ್ದೆಯ ಪ್ರಕಾರ ಎಂದು ಕೇಳುವವನೂ ನಾನೇ. ಕೇಳಿದ ಮೇಲೆ ಒತ್ತುತ್ತೇನೆ, ಅದು ಬೇರೆ ಮಾತು.

ನಮ್ಮದು ರಾಮದುರ್ಗ ತಾಲ್ಲೂಕಿನ ಹಳ್ಳಿ, ಕಾಲುವೆಯ ಕಟ್ಟಕಡೆ. ನವಿಲುತೀರ್ಥ ಅಣೆಕಟ್ಟಿನಲ್ಲಿ ಬಿಟ್ಟ ನೀರು ನಮ್ಮ ಹೊಲಕ್ಕೆ ಬರುವುದು ಮಾತಿನ ರೂಪದಲ್ಲಿ. ಆ ನೀರಿಗಾಗಿ ಜಗಳಾಡಿ ಜಗಳಾಡಿಯೇ ನಾನು ನೀರು ಬಳಕೆದಾರರ ಸಂಘದ ಅಧ್ಯಕ್ಷನಾದೆ. ಹಾಗಾಗಿ ದಿಲ್ಲಿಯಲ್ಲಿ ನಡೆಯುವ ರೈತ ಸಂಘಗಳ ಸಭೆಗೆ ಬರಬೇಕೆಂದು ನನಗೂ, ಸಂಘದ ನಿರ್ದೇಶಕ ಬುಡನಸಾಬನಿಗೂ ಕರೆ ಬಂತು. ಹೋಗಿಬರಲು ವಿಮಾನದ ಟಿಕೆಟ್ಟನ್ನೂ ಅವರೇ ಕಳಿಸಿದ್ದರು.

ಹೊರಡುವ ದಿನ ಹೆಂಡತಿ ಭಾಗೀರಥಿ ಚೀಲ ಕೈಗೆ ಕೊಟ್ಟು ಹೇಳಿದಳು: "ನಿಮ್ಮ ಹಕ್ಕು ಮನ್ಯಾಗ ಇಟ್ಟು ಹೋಗ್ರಿ. ವಿಮಾನದಾಗ ಭಾರ ಜಾಸ್ತಿ ಆಗಬಾರದಂತ."

ಬುಡನಸಾಬ ನನಗಿಂತ ಚಿಕ್ಕವನು. ಕೆಲವು ವರ್ಷ ದುಬೈಯಲ್ಲಿ ಲಾರಿ ಓಡಿಸಿ, ತಿರುಗಿ ಬಂದು ಟ್ರ್ಯಾಕ್ಟರ್ ಕೊಂಡವನು. ಎಷ್ಟೋ ಸಲ ವಿಮಾನ ಹತ್ತಿ ಇಳಿದಿದ್ದಾನೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ವಿಮಾನ ಹತ್ತುವುದು ಹೇಗೆಂದು ಯರಗಟ್ಟಿಯಿಂದ ನೇಸರಗಿಯವರೆಗೆ ಬಸ್ಸಿನಲ್ಲಿ ಅವನಿಗೆ ಪಾಠ ಹೇಳಿದೆ.

"ನಿನ್ನ ಗಡ್ಡಾ ನೋಡಿ ನಿಲ್ಲಸ್ತಾರ. ಹೆದರಬ್ಯಾಡ, ನಾ ಅದೇನಿ. ಮಾತು ನನಗ ಬಿಡು."

"ಹೂಂನ್ರಿ ಅಣ್ಣಾರ," ಅಂದು ಅವನು ಕಿಟಕಿಯ ಕಡೆ ನೋಡಿದ.

ಬೆಳಗಾವಿ ಹತ್ತಿರದ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲು ಬಂತು. ಬುಡನಸಾಬ ಬೆಲ್ಟು, ಮೊಬೈಲು, ಕೀಲಿ ಎಲ್ಲ ತಟ್ಟೆಗೆ ಹಾಕಿ, ಚೌಕಟ್ಟು ದಾಟಿ, ಎರಡೂ ಕೈ ಎತ್ತಿ ನಿಂತ. ಮುಗಿಯಿತು, ಬಿಟ್ಟರು. ನಾನು ದಾಟಿದೆ. ಯಂತ್ರ ಕೂಗಿತು. ಕಾವಲಿನ ಹುಡುಗ ಕೈಯಲ್ಲಿದ್ದ ಕೋಲನ್ನು ಮೈಮೇಲೆ ಆಡಿಸಿದ. ಎದೆಯ ಹತ್ತಿರ ಅದೂ ಕೂಗಿತು. ಅಂಗಿಯೊಳಗೆ ನನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ಅವನು ಅದರತ್ತ ಬೆರಳು ತೋರಿಸಿ ಹಿಂದಿಯಲ್ಲಿ ಏನೋ ಅಂದ.

ತೆಗೆ ಅನ್ನುತ್ತಿದ್ದಾನೆ ಎಂದುಕೊಂಡೆ. ಮನೆಯಲ್ಲಿ ಸ್ನಾನಕ್ಕೆ ಹೋಗುವಾಗ ಅದೇ ಕರಡಿಗೆಯನ್ನು ಗೂಟಕ್ಕೆ ಹಾಕಿ ಮಧ್ಯಾಹ್ನದವರೆಗೂ ಮರೆಯುವ ಭಕ್ತ ನಾನು. ಅಲ್ಲಿ ಮಾತ್ರ ಬಸವಾದಿ ಶರಣರೆಲ್ಲ ಒಮ್ಮೆಲೇ ಮೈಮೇಲೆ ಬಂದರು.

"ಇದನ್ನ ತಗ್ಯಾಕ ನಿನಗ ಹಕ್ಕು ಕೊಟ್ಟವ್ರ ಯಾರು? ನನ್ನ ಮೈ ಮ್ಯಾಲ ಅಧಿಕಾರ ನಂದು. ಸಂವಿಧಾನ ಓದೀಯೇನು? ಇದರಾಗ ಇರೂದು ಲಿಂಗ, ಬಾಂಬ್ ಅಲ್ಲ!"

ಅಷ್ಟು ದೊಡ್ಡ ಭಾಷಣದಲ್ಲಿ ಆ ಹುಡುಗನಿಗೆ ತಿಳಿದದ್ದು ಒಂದೇ ಶಬ್ದ. ಸಾಲು ಒಮ್ಮೆಲೇ ಸ್ತಬ್ಧವಾಯಿತು. ನನ್ನ ಹಿಂದಿದ್ದವರು ಹಿಂದೆ ಸರಿದರು. ಎಲ್ಲಿಂದಲೋ ನಾಲ್ಕು ಜನ ಬಂದು ನನ್ನನ್ನು ಸುತ್ತುವರಿದು ಪಕ್ಕದ ಕೋಣೆಗೆ ಕರೆದೊಯ್ದರು. ಆಗ ನನಗೆ ಸಂವಿಧಾನವೂ ನೆನಪಾಗಲಿಲ್ಲ, ಶರಣರೂ ನೆನಪಾಗಲಿಲ್ಲ. ಮೂತ್ರಕ್ಕೆ ಹೋಗಬೇಕೆನ್ನಿಸಿತು.

ಆಚೆ ಹೋಗಿ ಕುಳಿತಿದ್ದ ಬುಡನಸಾಬ ತಾನಾಗಿಯೇ ತಿರುಗಿ ಬಂದ. ಕೋಣೆಯಲ್ಲಿದ್ದ ಅಧಿಕಾರಿಯೂ ಹಿಂದಿಯವರೇ. ಬುಡನಸಾಬ ಅವರೊಂದಿಗೆ ತಣ್ಣಗೆ ಮಾತಾಡಿ, ನನಗೆ ತಿಳಿಸಿ ಹೇಳಿದ: "ಆ ಹುಡುಗ ತಗೀ ಅಂದಿಲ್ಲಂತ್ರಿ. ಇದೇನು ಅಂತ ಅಷ್ಟ ಕೇಳ್ಯಾನ. ನಿಮ್ಮ ಕೈಯಾಗ ನೀವ ತಗದು ತೋರಸ್ರಿ, ನಾವು ಮುಟ್ಟೂದಿಲ್ಲ ಅಂತಾರ."

ಅಂಗಿಯ ಗುಂಡಿ ತೆಗೆದು ಕರಡಿಗೆ ಬಿಚ್ಚಿದೆ. ಅಧಿಕಾರಿ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು, ತಲೆ ತಗ್ಗಿಸಿ ಸರಿದರು. ಕರಡಿಗೆಯ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಬಾಯಿಂದ ಬಿದ್ದ ಆ ಶಬ್ದದ ಕೆಲಸ ಮುಗಿಯಲಿಲ್ಲ. ಚೀಲದಲ್ಲಿದ್ದ ರೊಟ್ಟಿಯನ್ನೂ ಒಂದೊಂದಾಗಿ ಎತ್ತಿ ನೋಡಿದರು. ನಾನು ಯಾರೆಂದು ಖಾತ್ರಿ ಮಾಡಿಕೊಳ್ಳಲು ನಮ್ಮ ಭಾಗದ ಪೊಲೀಸ್ ಠಾಣೆಗೆ ಫೋನು ಹೋಯಿತು. ಆ ಕಡೆ ಇದ್ದವನು ಹವಾಲ್ದಾರ ಸದಾಶಿವ. ನನ್ನ ತಕರಾರು ಅರ್ಜಿಗಳನ್ನೆಲ್ಲ ಓದಿ ಸುಸ್ತಾದವನು. ಫೋನಿನ ಸ್ಪೀಕರ್ ಹಾಕಿದ್ದರಿಂದ ಅವನ ಸಾಕ್ಷಿ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು:

"ಹಕ್ಕಿನ ವೀರಪ್ಪನ್ರಿ? ಬಿಡ್ರಿ ಸಾಹೇಬ್ರ, ಆ ಮನಷ್ಯಾ ಬರೇ ಮಾತಾಡತಾನ. ಏನೂ ಮಾಡಾಂವ ಅಲ್ಲ."

ಬುಡನಸಾಬ ಅದನ್ನು ಹಿಂದಿಗೆ ತಿರುಗಿಸಿದ. ಈ ಒಂದು ಮಾತನ್ನು ಮಾತ್ರ ಅಕ್ಷರವೂ ಬಿಡದೆ ತಿರುಗಿಸಿದ. ಎಲ್ಲರ ಮುಖ ಸಡಿಲಾಯಿತು. ಎಚ್ಚರಿಕೆ ಕೊಟ್ಟು ಬಿಟ್ಟರು. ಅಷ್ಟರಲ್ಲಿ ನಮ್ಮ ವಿಮಾನ ಗಾಜಿನಾಚೆ ಮೇಲೇರಿ ಹೋಯಿತು.

"ನೀನರ ಹೋಗಬೇಕಿತ್ತು," ಅಂದೆ.

"ನಿಮ್ಮನ್ನ ನಿಮ್ಮ ಹಿಂದಿ ಜೋಡಿ ಬಿಟ್ಟು ಹೆಂಗ ಹೋಗಲ್ರಿ?"

ಬೆಳಗಾವಿಗೆ ಹೋಗಿ ರೈಲು ಹಿಡಿದೆವು. ಕುಳಿತ ಮೇಲೆ ಮನಸ್ಸು ತಡೆಯದೆ ಕೇಳಿದೆ: "ನನ್ನ ಭಾಷಣ ಆ ಅಧಿಕಾರಿಗೆ ಏನಂತ ಹೇಳಿದಿ?"

"ಮಾಫ್ ಕರೋ ಸಾಬ್ ಅಂದ್ನಿ."

"ಅಷ್ಟನ? ಸಂವಿಧಾನದ್ದು?"

"ಅದ್ಕ ಎರಡನೇ ಸಲಾ ಮಾಫ್ ಕರೋ ಅಂದ್ನಿ."

ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ, ನಿನಗೇನು, ನಿನ್ನನ್ನು ಸಲೀಸಾಗಿ ಬಿಟ್ಟರು ಅಂದುಬಿಟ್ಟೆ. ಬುಡನಸಾಬ ಚೀಲವನ್ನು ಸೀಟಿನ ಕೆಳಗೆ ಸರಿಸಿದ. ಆಮೇಲೆ ದುಬೈಯಿಂದ ಮೊದಲ ಸಲ ಬಂದಾಗಿನದನ್ನು ಹೇಳಿದ. ಯಾವುದೋ ದೊಡ್ಡ ನಿಲ್ದಾಣದಲ್ಲಿ ಅವನ ಹೆಸರು ಓದಿ ಪಕ್ಕಕ್ಕೆ ನಿಲ್ಲಿಸಿದರಂತೆ. ಜೊತೆಗಿದ್ದವರೆಲ್ಲ ಹೊರಗೆ ಹೋದರು. ಹೆಂಡತಿ ಮಕ್ತುಮಬಿಗೆ ತಂದ ಸೀರೆಯ ಮಡಿಕೆ ಮಡಿಕೆ ಬಿಚ್ಚಿದರು. ಯಾಕೆಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

"ತಪಾಸಣಿ ಮಾಡಲಿ ಅಣ್ಣಾರ. ನಾನೂ ಅದ ವಿಮಾನದಾಗ ಕುಂಡ್ರಾಂವ, ನನಗೂ ಜೀವದ ಆಸೆ ಐತಿ. ಹೆಸರು ನೋಡಿ ಮಾಡೂದು ಬ್ಯಾಡ, ಎಲ್ಲಾರಿಗೂ ಒಂದ ನಮೂನಿ ಮಾಡಲಿ. ಇವತ್ತ ನನ್ನ ಬಿಟ್ಟು ನಿಮ್ಮನ್ನ ನಿಲ್ಲಿಸಿದ್ರಲ್ಲಾ, ಖರೇ ಹೇಳಬೇಕಂದ್ರ ಒಂದೀಟ ಖುಷಿನೂ ಆತು."

ನಾನು ಇಷ್ಟು ವರ್ಷ ಕೇಳಿದ ಹಕ್ಕುಗಳಲ್ಲಿ ಇನ್ನೊಬ್ಬರ ಮೈಯ ಮಾತು ಎಲ್ಲಿಯೂ ಬಂದಿರಲಿಲ್ಲ. ಅದು ಆಗ ಹೊಳೆಯಿತು. ಚಹಾದವನನ್ನು ಕರೆದೆ.

ದಿಲ್ಲಿ ಮುಟ್ಟಿದಾಗ ಸಭೆಯ ಕೊನೆಯ ಊಟ ನಡೆದಿತ್ತು. ಕಾಲುವೆಯ ಕಟ್ಟಕಡೆಯ ಹೊಲಗಳ ಬಗ್ಗೆ ನಾನು ತಯಾರು ಮಾಡಿದ್ದ ಮಾತನ್ನು ಬುಡನಸಾಬ ಊಟದ ಸಾಲಿನಲ್ಲೇ ಒಬ್ಬ ದೊಡ್ಡ ಎಂಜಿನಿಯರಿಗೆ ಹಿಂದಿಯಲ್ಲಿ ಹೇಳಿದ. ಅವರು ಊಟ ಬಿಟ್ಟು ಕೇಳಿದರು.

ತಿರುಗಿ ಬರುವಾಗ ದಿಲ್ಲಿಯ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬುಡನಸಾಬನ ಚೀಲವನ್ನು ಪಕ್ಕಕ್ಕೆ ತೆಗೆದರು. ನಾನು ಬಾಯಿ ತೆರೆದೆ. ಅವನು ನನ್ನ ಮುಖ ನೋಡಿದ. ಎಲ್ಲರದನ್ನೂ ನೋಡುತ್ತೀರೇನು ಎಂದು, ಇದ್ದಷ್ಟು ಹಿಂದಿ ಕೂಡಿಸಿ ಮೆಲ್ಲಗೆ ಕೇಳಿದೆ: "ಸಬ್ ಕಾ ದೇಖತಾ ಕ್ಯಾ?" ಕಾವಲಿನ ಹೆಣ್ಣುಮಗಳು ಆಚೆ ಮೇಜು ತೋರಿಸಿದಳು. ಸೂಟು ಹಾಕಿದ ಒಬ್ಬರ ಪೆಟ್ಟಿಗೆಯನ್ನೂ ಬಿಚ್ಚಿದ್ದರು; ಅದರ ಹಿಂದೆ ನನ್ನ ಚೀಲವೂ ಕಾದಿತ್ತು. ನಾವು ಮೂವರೂ ಸಾಲಾಗಿ ನಿಂತು ನಮ್ಮ ನಮ್ಮ ಬಟ್ಟೆ ಮಡಿಚಿಕೊಂಡೆವು.

ಮನೆಗೆ ಬಂದಾಗ ಭಾಗೀರಥಿ ಇಬ್ಬರಿಗೂ ಚಹಾ ಕೊಟ್ಟು ಕೇಳಿದಳು: "ಮ್ಯಾಲಿಂದ ಭೂಮಿ ಹೆಂಗ ಕಾಣತೈತ್ರಿ?"

ನಾನು ಮೋಡ, ನದಿ, ಬೆಟ್ಟ ಎಲ್ಲವನ್ನೂ ವರ್ಣಿಸಿದೆ. ವಿಮಾನ ಏರಿದಾಗಿನಿಂದ ಇಳಿಯುವವರೆಗೂ ನಾನು ಕಣ್ಣು ಮುಚ್ಚಿಕೊಂಡು ಬುಡನಸಾಬನ ಕೈ ಬಿಗಿಯಾಗಿ ಹಿಡಿದು ಕುಳಿತಿದ್ದೆ. ನಾನು ವರ್ಣಿಸಿದ್ದಕ್ಕೆಲ್ಲ ಅವನು "ಹೂಂನ್ರಿ ಅಣ್ಣಾರ" ಅಂದು ಚಹಾ ಕುಡಿದ.