ಮುರಿಗೆವ್ವ ಉಣಿಸಿದ ಮಾದಲಿ

ಬಬಲೇಶ್ವರದಲ್ಲಿ ಹುಟ್ಟಿ ತಿಕೋಟಾಕ್ಕೆ ಸೊಸೆಯಾಗಿ ಬಂದ ಮುರಿಗೆವ್ವನ ಮನೆಯಲ್ಲಿ ಉಣ್ಣುವುದು ಸುಲಭದ ಕೆಲಸವಾಗಿರಲಿಲ್ಲ. ಸಾಕೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಆ ಕೈ ಮೇಲೇ ತುಪ್ಪ ಸುರಿಯುತ್ತಿದ್ದಳು. ಒತ್ತಾಯವಿಲ್ಲದೆ ಬಡಿಸಿದ್ದು ಊಟವೇ ಅಲ್ಲವೆಂದು ತವರಿನವರು ಕಲಿಸಿದ್ದರು. ನಮ್ಮ ಸೀಮೆಯವರೆಲ್ಲ ಕಲಿಸುವುದೂ ಅದನ್ನೇ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅಂತಃಕರಣ ಬೇಕಾದಷ್ಟಿತ್ತು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

೧೯೪೮ರಲ್ಲಿ ನಿಜಾಮನ ಸೀಮೆ ಹೊತ್ತಿ ಉರಿಯಿತು. ಗಡಿಯಾಚೆಯ ಹಳ್ಳಿಗಳ ಜನ ಉಟ್ಟ ಬಟ್ಟೆಯಲ್ಲಿ ವಿಜಾಪುರಕ್ಕೆ ಓಡಿ ಬಂದರು. ಅವರ ಮಕ್ಕಳಿಗಾಗಿ ಗೋಳಗುಮ್ಮಟದ ಹತ್ತಿರದ ಒಂದು ಧರ್ಮಶಾಲೆಯಲ್ಲಿ ಗಂಜಿ ಕೇಂದ್ರ ತೆರೆದರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮುರಿಗೆವ್ವ ನೆರೆಮನೆಯ ಮಲ್ಲಿಕಸಾಬನಿಂದ ಚಕ್ಕಡಿ ಕಟ್ಟಿಸಿ, ಗೋಧಿ ಹಿಟ್ಟು, ಬೆಲ್ಲ, ತುಪ್ಪದ ಗಡಿಗೆ ಹೇರಿಕೊಂಡು ಹೊರಟೇಬಿಟ್ಟಳು.

ಧರ್ಮಶಾಲೆಯ ಬಾಗಿಲಲ್ಲೇ ಆಕೆ ನಿಂತುಬಿಟ್ಟಳು. ಒಳಗೆ ಅಷ್ಟೊಂದು ಮಕ್ಕಳಿದ್ದರೂ ಗದ್ದಲವೇ ಇರಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ. ಮೂಲೆಯಲ್ಲಿ ಬೋರವ್ವ ಎಂಬ ಮುದುಕಿ ಮೊಮ್ಮಗಳು ರಾಚವ್ವನನ್ನೂ ಜ್ವರ ಬಂದು ಮಲಗಿದ್ದ ಮೊಮ್ಮಗ ಸಂಗಣ್ಣನನ್ನೂ ಕಾಯುತ್ತ ಕೂತಿದ್ದಳು. ಹೆತ್ತವರು ಉಳಿದಿರಲಿಲ್ಲ. ವಾರಗಟ್ಟಲೆ ಹಳ್ಳದ ದಂಡೆಯಲ್ಲಿ ಅಡಗಿ, ಸೊಪ್ಪು ಬೇರು ತಿಂದು ಬಂದಿದ್ದರು. ರಾಚವ್ವನ ಮೈಯಲ್ಲಿ ಕಣ್ಣಷ್ಟೇ ದೊಡ್ಡವು.

ಕೇಂದ್ರದ ಡಾಕ್ಟರ ಹಣಮಂತರಾಯರು ಇಂಥ ಮಕ್ಕಳಿಗೆ ತೆಳ್ಳನೆ ಗಂಜಿ ಬಿಟ್ಟು ಏನೂ ಕೊಡಬಾರದು, ಅದನ್ನೂ ಸ್ವಲ್ಪ ಸ್ವಲ್ಪವೇ ಕೊಡಬೇಕು ಎಂದು ಎಲ್ಲರಿಗೂ ಹೇಳಿದ್ದರು. ಮುರಿಗೆವ್ವನಿಗೆ ಮೈಯೆಲ್ಲ ಉರಿಯಿತು. ನೀರಿನಂಥ ಗಂಜಿ ಕುಡಿಸಿ ಕೂಸನ್ನು ಉಳಿಸುತ್ತಾರಂತೆ! ಇಂಥ ಕೈಬಿಗಿತ ಎಲ್ಲೂ ನೋಡಿಲ್ಲವೆಂದು ಗೊಣಗಿ, ಹಿತ್ತಲಲ್ಲಿ ಒಲೆ ಹೂಡಿ, ಗೋಧಿ ಹಿಟ್ಟಿನ ರೊಟ್ಟಿ ಸುಟ್ಟು ಪುಡಿಮಾಡಿ, ಬೆಲ್ಲ ತುಪ್ಪ ಕಲಸಿ ಮಾದಲಿ ಮಾಡಿದಳು. ಎರಡು ದಿನ ಡಾಕ್ಟರ ಕಣ್ಣು ತಪ್ಪಿಸಿ ರಾಚವ್ವನಿಗೆ ಉಣಿಸಿದಳು. ಇನ್ನೊಂದು ತುತ್ತು, ಅಜ್ಜಿಯ ಹೆಸರಲ್ಲೊಂದು, ತಮ್ಮನ ಹೆಸರಲ್ಲೊಂದು. ಹುಡುಗಿ ನಕ್ಕಳು. ತಮ್ಮನಿಗೆ ಜ್ವರ ಬಿಟ್ಟ ಮೇಲೆ ಉಣಿಸಿದರಾಯಿತು ಎಂದುಕೊಂಡಳು ಮುರಿಗೆವ್ವ.

ಮೂರನೆಯ ದಿನ ರಾಚವ್ವನ ಕಾಲು ಬಾತವು. ಉಸಿರು ಮೇಲಕ್ಕೆ ಹತ್ತಿತು. ಮಧ್ಯಾಹ್ನದೊಳಗೆ ಹುಡುಗಿ ಸತ್ತೇಹೋದಳು.

ಬೋರವ್ವ ಮಣ್ಣಿಗೆ ಹೋಗಿದ್ದಾಗ, ಏನು ತಿಂದಿದ್ದಳೆಂದು ಡಾಕ್ಟರು ಕೇಳಿದರೆ ಮುರಿಗೆವ್ವ ಮುಚ್ಚಿಡಲಿಲ್ಲ. ಅವರು ಬೈಯಲೂ ಇಲ್ಲ.

"ಭಾಳ ದಿನಾ ಉಪವಾಸ ಬಿದ್ದ ಜೀವರಿ ಅದು. ಒಮ್ಮೆಲೇ ಹೊಟ್ಟಿ ತುಂಬಿದ್ರ ಗುಂಡಿಗಿ ತಡಕೊಳ್ಳೂದಿಲ್ಲ," ಎಂದಷ್ಟೇ ಹೇಳಿದರು.

ಹಾವು ಕಚ್ಚಿ ಸತ್ತವರನ್ನು ಆಕೆ ನೋಡಿದ್ದಳು, ಬಾವಿಗೆ ಬಿದ್ದವರನ್ನು ನೋಡಿದ್ದಳು. ತುತ್ತು ಕೊಲ್ಲುತ್ತದೆಂದು ಯಾರು ಕೇಳಿದ್ದಾರೆ? ಅದಕ್ಕೂ ಘೋರವಾದದ್ದು ಮುಂದಿತ್ತು. ಮಣ್ಣು ಮಾಡಿ ಬಂದ ಬೋರವ್ವ ಆಕೆಯ ಕಾಲು ಹಿಡಿದಳು.

"ಹಸಕೊಂಡು ಸಾಯೂ ಕೂಸು ನಿನ್ನ ಕೈಲೆ ಹೊಟ್ಟಿತುಂಬ ಉಂಡು ಹೋತವ್ವಾ. ನಿನ್ನ ಪುಣ್ಯಾ ದೊಡ್ಡದು."

ಮುರಿಗೆವ್ವ ನಿಜ ಹೇಳದೆ ಕಾಲು ಬಿಡಿಸಿಕೊಂಡು ಹಿತ್ತಲಿಗೆ ಹೋದಳು.

ಮರುದಿನ ಸಂಗಣ್ಣನ ಜ್ವರ ಇಳಿಯಿತು. ಬೋರವ್ವ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ರಾಚವ್ವ ಉಂಡು ಉಳಿಸಿದ್ದ ಮಾದಲಿಯ ಉಂಡೆಯಿತ್ತು. ಅದನ್ನು ಮೊಮ್ಮಗನ ಬಾಯಿಗಿಟ್ಟಳು. ಗಂಜಿ ತರುತ್ತಿದ್ದ ಮುರಿಗೆವ್ವ ಬಟ್ಟಲು ಎಸೆದು ಓಡಿ ಬಂದು, ಹುಡುಗನ ಬಾಯಿಗೆ ಬೆರಳು ಹಾಕಿ ತುತ್ತನ್ನು ಹೊರಗೆ ತೆಗೆದಳು. ಧರ್ಮಶಾಲೆಗೆ ಧರ್ಮಶಾಲೆಯೇ ಬೆಚ್ಚಿತು. ಹಸಿದ ಕೂಸಿನ ಬಾಯಿಂದ ತುತ್ತು ಕಸಿಯುವುದಕ್ಕಿಂತ ದೊಡ್ಡ ಪಾಪ ನಮ್ಮಲ್ಲಿಲ್ಲ.

"ನಿನ್ನ ಕೈಗೆ ಹುಳಾ ಬೀಳ್ಲಿ," ಎಂದಳು ಬೋರವ್ವ.

"ಬೀಳ್ಲಿ ಬೇ. ನಿನ್ನ ರಾಚವ್ವನ್ನ ಕೊಂದದ್ದೂ ಇದ ಕೈ. ಈ ಮಾದಲಿನ ಕೊಂದೈತಿ ಆಕೀನ್ನ."

ಮುದುಕಿ ಡಾಕ್ಟರ ಮುಖ ನೋಡಿದಳು. ಅವರು ತಲೆ ತಗ್ಗಿಸಿದರು. ಬೋರವ್ವ ಅಳಲಿಲ್ಲ, ಮತ್ತೆ ಶಪಿಸಲೂ ಇಲ್ಲ. ಗೋಡೆಗೆ ಒರಗಿ ಕೂತಳು, ಅಷ್ಟೇ.

ಅಂದಿನಿಂದ ಗಂಜಿಯ ಸೌಟು ಮುರಿಗೆವ್ವನ ಕೈಗೆ ಬಂತು. ಮಕ್ಕಳು ಇನ್ನಷ್ಟು ಬೇಕೆಂದು ಸೆರಗು ಜಗ್ಗಿ ಅತ್ತರೂ ಡಾಕ್ಟರು ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚು ಹಾಕಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ತಾನೂ ಅಳುತ್ತಿದ್ದಳು. ಸಂಗಣ್ಣ ಮೊದಲು ಕೂತ, ಆಮೇಲೆ ಎದ್ದು ನಿಂತ.

ಗಲಾಟೆ ತಣ್ಣಗಾಗಿ ಜನ ಊರಿಗೆ ಮರಳುವಾಗ ಬೋರವ್ವ ಮೊಮ್ಮಗನ ಕೈ ಹಿಡಿದು ಹೊರಟಳು. ಮುರಿಗೆವ್ವನಿಗೆ ಕೈ ಮುಗಿ ಎಂದು ಆಕೆ ಹುಡುಗನಿಗೆ ಹೇಳಲಿಲ್ಲ. ಹುಡುಗ ತಾನಾಗಿಯೇ ಮುಗಿದ. ಆ ನಮಸ್ಕಾರ ತೆಗೆದುಕೊಳ್ಳಲಾರದೆ ಮುರಿಗೆವ್ವ ಗೋಡೆಯ ಕಡೆಗೆ ಮುಖ ಮಾಡಿ ನಿಂತಳು.